ಕಾಲು ತೊಳೆದು ಕೂತ ಹೊತ್ತು

ಸರಗೂರಿನ ನಮ್ಮ ಬೀದಿಯಲ್ಲಿ ಯಾರು ಬೆಂಗಳೂರಿಗೆ ಹೊರಟರೂ ಮೊದಲು ನನ್ನ ಹತ್ತಿರ ಬರುತ್ತಾರೆ. ಮದುವೆಗೆ ಮುಂಚೆ ಕೆಲವು ವರ್ಷ ಅಲ್ಲಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕಿದವಳು ನಾನು. ನನಗೋ, ಕೇಳಿದರೆ ಸಾಕು, ಬಾಯಿ ನಿಲ್ಲುವುದಿಲ್ಲ. ದುಡ್ಡನ್ನು ಒಂದೇ ಕಡೆ ಇಡಬೇಡಿ. ಫೋನನ್ನು ಮೇಲ್ಜೇಬಿನಲ್ಲಿಟ್ಟು ಸಿಟಿ ಬಸ್ಸು ಹತ್ತಬೇಡಿ. ಆಟೋದವನ ಹತ್ತಿರ ಕೂರುವ ಮುಂಚೆ ಮಾತಾಡಿ, ಕೂತ ಮೇಲಲ್ಲ. ರಸ್ತೆ ದಾಟುವಾಗ ಅರ್ಧಕ್ಕೆ ಹೋಗಿ ಹಿಂದಕ್ಕೆ ಓಡಬೇಡಿ, ಅಲ್ಲಿನ ಗಾಡಿಗಳೇನು ನಮ್ಮೂರ ಎತ್ತುಗಳಲ್ಲ, ಮುಖ ನೋಡಿ ನಿಲ್ಲುವುದಕ್ಕೆ.

ಮೊನ್ನೆ ಪಕ್ಕದ ಮನೆಯವಳು ಬಂದು, "ಅತ್ತೆಯೋರ್ನ ದೊಡ್ಡಾಸ್ಪತ್ರೆಗೆ ಸೇರ್ಸವ್ರೆ ಕಣಕ್ಕಾ, ನೋಡಕ್ಕೆ ಓಯ್ತಾ ಇದೀನಿ, ಏನಾದ್ರೂ ಯೋಳು" ಅಂದಳು. ನಾನು ಒಳಗೆ ಕೂತಿದ್ದ ಅವ್ವನ ಕಡೆ ತಿರುಗಿ ನೋಡಿದೆ.

ಹುಣಸೂರಿಗೆ ಕೊಟ್ಟಿದ್ದ ನಮ್ಮಕ್ಕನಿಗೆ ಹೋದ ವರ್ಷ ಕಾಮಾಲೆ ಏರಿತು. ಮೈಸೂರಿನಲ್ಲಿ ಆಗದೆ ಬೆಂಗಳೂರಿಗೆ ಕಳಿಸಿದರು. ಒಂದು ಬೆಳಿಗ್ಗೆ ಭಾವ ಫೋನು ಮಾಡಿ, "ಅವ್ವ ಎಲ್ಲಿ, ಅವ್ವ ಎಲ್ಲಿ ಅಂತಾವ್ಳೆ. ಒಂದ್ಸಲ ಕರ್ಕಂಡು ಬಂದ್ಬುಡು" ಅಂದರು. ಅವ್ವ ಉಟ್ಟ ಸೀರೆಯಲ್ಲೇ ಹೊರಟಿತು.

ದಾರಿಯುದ್ದಕ್ಕೂ ನನ್ನ ಬುದ್ಧಿವಂತಿಕೆಯೆಲ್ಲ ನಡೆಯಿತು. ದುಡ್ಡು ಕಳೆಯಲಿಲ್ಲ, ಆಟೋದವನು ಸುತ್ತಿಸಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಇನ್ನೇನು ನಾಲ್ಕು ಗಂಟೆ. ಭಾವ ರಕ್ತ ತರಲು ಹೋಗಿದ್ದರು. ಸೆಕ್ಯುರಿಟಿಯವನು, "ಐಸಿಯು ಮೂರನೇ ಮಹಡಿ. ನಾಲ್ಕಕ್ಕೆ ಬಿಡ್ತಾರೆ, ಹೋಗಿ" ಅಂದ.

ಅವ್ವ ಕೇಳಿದ್ದು, "ಇಲ್ಲಿ ನಲ್ಲಿ ಎಲ್ಲವ್ವಾ?" ಅಂತ.

ನಮ್ಮ ಕಡೆ ದೂರದಿಂದ ಬಂದವರು ನೆಟ್ಟಗೆ ಬಾಣಂತಿಯ ಹತ್ತಿರವೋ ಕಾಯಿಲೆಯವರ ಹತ್ತಿರವೋ ಹೋಗುವುದಿಲ್ಲ. ಕಾಲು ತೊಳೆದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಹೊತ್ತು ಹೊರಗೆ ಕೂತು, ಮೈಗೆ ಹತ್ತಿದ ದಾರಿಯ ಗಾಳಿ ಇಳಿದ ಮೇಲೇ ಒಳಗೆ ಹೋಗುವುದು. "ಮಗು ಮೊದ್ಲೇ ಸೋತೋಗದೆ ಕಣವ್ವ. ಎಲ್ಲೆಲ್ಲಿ ತುಳ್ಕಂಡು ಬಂದಿದ್ದೀವೋ ಏನೋ, ಆ ಗಾಳಿ ಅದ್ಕೆ ತಾಕ್ಬಾರ್ದು" ಅಂದಿತು ಅವ್ವ. ನನಗೂ ಅದು ಸರಿಯೇ ಅನ್ನಿಸಿತು. ಹುಣಸೂರಿನ ಆಸ್ಪತ್ರೆಯಲ್ಲಿ ಸಂಜೆಯವರೆಗೂ ಮಂಚದ ಪಕ್ಕ ಕೂತು ಬಂದವರಲ್ಲವೇ ನಾವು. ನಾಲ್ಕಕ್ಕೆ ತೆಗೆದ ಬಾಗಿಲನ್ನು ಅಷ್ಟು ಬೇಗ ಮುಚ್ಚುತ್ತಾರೆ ಅಂತ ಯಾರು ಅಂದುಕೊಂಡಿದ್ದರು?

ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆದು ಬೆಂಚಿನ ಮೇಲೆ ಕೂತೆವು. ಅವ್ವನ ಮುಖ ಆಗಲೇ ಗೆಲುವಾಗಿತ್ತು. ವಾಸಿಯಾದ ಮೇಲೆ ಮೂರು ತಿಂಗಳು ಮಗಳನ್ನು ತವರಿನಲ್ಲೇ ಇಟ್ಟುಕೊಳ್ಳುವುದಂತೆ, ಖಾರ ಮುಟ್ಟಿಸುವುದಿಲ್ಲವಂತೆ, ಭಾವ ಬಂದು ಕರೆದರೂ ಕಳಿಸುವುದಿಲ್ಲವಂತೆ. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನಡಿ" ಅಂದಿತು.

ಮೇಲೆ ಹೋದರೆ ಬಾಗಿಲು ಮುಚ್ಚಿತ್ತು. "ಅರ್ಧ ಗಂಟೆ ಅಷ್ಟೇ ಅಮ್ಮಾ. ನಾಳೆ ಬೆಳಿಗ್ಗೆ ಬನ್ನಿ" ಅಂದ ಅಲ್ಲಿದ್ದವನು. ಕೈ ಮುಗಿದೆ. ಜಗಳಕ್ಕೂ ನಿಂತೆ. "ಹೆತ್ತ ತಾಯಿ ಕಣಪ್ಪಾ, ಒಂದ್ಸಲ ಮುಖ ತೋರ್ಸಿದ್ರೆ ನಿನ್ನ ಗಂಟೇನು ಓಯ್ತದೆ?" ಅಂತ ಕೂಗಾಡಿದೆ. ಅವನಾದರೂ ಏನು ಮಾಡಿಯಾನು, ತಲೆ ಬಗ್ಗಿಸಿ ನಿಂತ. "ಬುಡವ್ವ, ನಾಳೆ ನೋಡಿದ್ರಾಯ್ತು" ಅಂತ ಅವ್ವನೇ ನನ್ನನ್ನು ಸಮಾಧಾನ ಮಾಡಿತು. ಬೆಳಗಾಗುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಪಕ್ಕದ ಮನೆಯವಳಿಗೆ ನಾನು ಹೇಳಿದ್ದು ಇಷ್ಟೇ: ಬಸ್ಸಿಳಿದ ಕಾಲಲ್ಲೇ ಹೋಗು ತಾಯಿ, ಮೊದಲು ಮುಖ ನೋಡು. ಮಿಕ್ಕಿದ್ದೆಲ್ಲ ಆಮೇಲೆ. ಅವಳು ತಲೆಯಾಡಿಸಿ ಹೋದಳು. ಅವ್ವನಿಗೆ ಕೇಳಿಸದಿರಲಿ ಅಂತ ಮೆಲ್ಲಗೇ ಹೇಳಿದ್ದೆ.

ಅಕ್ಕ ಹೋದ ಬೆಳಿಗ್ಗೆ ಐಸಿಯುವಿನಿಂದ ಒಬ್ಬ ನರ್ಸಮ್ಮ ಹೊರಗೆ ಬಂದು ಅವ್ವನ ಕೈ ಹಿಡಿದುಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. "ನಿನ್ನೆ ನಿಮ್ಮ ಮಗಳಿಗೆ ಚೆನ್ನಾಗಿ ಎಚ್ಚರ ಇತ್ತಮ್ಮ. ನಾಲ್ಕು ಗಂಟೆಗೆ ಅವ್ವ ಬತ್ತದೆ ಅಂತ ನನ್ನ ಕೈಲಿ ಮುಖ ಒರೆಸಿಸಿಕೊಂಡ್ರು, ತಲೆ ಬಾಚಿಸಿಕೊಂಡ್ರು. ಬಾಗಿಲು ಮುಚ್ಚೋ ತನಕ ಈ ಕಡೆನೇ ನೋಡ್ತಿದ್ರು."

ಅವ್ವ ಅವಳ ಮುಖವನ್ನೇ ನೋಡಿತು. ಆಮೇಲೆ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಿತು.

"ಕೆಳಗೇ ಇದ್ನಲ್ಲಾ ನನ್ ಕಂದಾ," ಅಂದಿತು. "ಕೆಳಗೇ ಕೂತಿದ್ನಲ್ಲಾ."