ಚೌಕಟ್ಟಿನ ಮೇಲೆ ಎರಡು ಬೆರಳು

ದೊಡ್ಡ ಮಗಳ ಲಂಗ ಚಿಕ್ಕವಳಿಗೆ ಹೋಗಬೇಕು. ಎಲ್ಲರ ಮನೆಯಲ್ಲೂ ಹಾಗೆಯೇ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲೊಂದು ದಿನ ನಮ್ಮ ಮನೆಯಲ್ಲಿ ಅದು ತಿರುವುಮುರುವಾಯಿತು. ಏಳು ವರ್ಷದ ಚಿಕ್ಕವಳಿಗೆ ಗಿಡ್ಡವಾದ ಹಸಿರು ಲಂಗವನ್ನು ನನ್ನ ಹೆಂಡತಿ ಮಡಿಸಿ, ಒಂಬತ್ತು ವರ್ಷದ ದೊಡ್ಡವಳ ಬಟ್ಟೆಗಳ ಜೊತೆ ಇಟ್ಟಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಚಿಂತೆ ಮಾಡುವುದರಲ್ಲಿ ನನಗೆ ಆಗಲೇ ನಲವತ್ತು ವರ್ಷದ ಅನುಭವ. ಮೋಡ ಕವಿದರೆ ಕೊಯ್ದ ರಾಗಿ ನೆನೆಯುತ್ತದೆಂದು, ಕವಿಯದಿದ್ದರೆ ಹುರುಳಿ ಒಣಗುತ್ತದೆಂದು. ಆದರೆ ಮಗಳ ಬೆಳವಣಿಗೆ ನಿಂತೇ ಹೋಯಿತೇ ಎಂಬುದು ಆ ಜಾತಿಯ ಚಿಂತೆಯಲ್ಲ. ಭಾನುವಾರ ಬಂತೆಂದರೆ ಅವಳನ್ನು ಪಡಸಾಲೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಸ್ಲೇಟಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆಯತೊಡಗಿದೆ. ಗೆರೆಯ ಮೇಲೇ ಗೆರೆ ಬಿದ್ದು, ಮೂರು ತಿಂಗಳಿಗೆ ಒಂದೇ ಒಂದು ದಪ್ಪ ಗೆರೆಯಾಯಿತು.

"ವಾರವಾರ ಅಳೆಯೋಕೆ ಅವ್ಳೇನು ಹೀರೇಕಾಯಾ? ಬಿಡ್ರೀ ಅವಳನ್ನ," ಎಂದಳು ಹೆಂಡತಿ.

ನನ್ನ ಅಮ್ಮನಿಗೆ ಕಾರಣ ಗೊತ್ತಿತ್ತು. "ಥಂಡಿ ಕಣ್ಲಾ. ಮಣ್ಣು ನೆಲದ ಮ್ಯಾಲೆ ಮಲ್ಗಿ ಮಲ್ಗಿ ಮೂಳೆಗೆ ಥಂಡಿ ಹಿಡ್ಕಂಡೈತೆ. ಇನ್ನೆಲ್ಲಿ ಬೆಳೀತದೆ?"

ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ಓದಿದವನು. ನಕ್ಕುಬಿಟ್ಟೆ. ಹದಿನೈದು ದಿನ ಕಳೆಯುವಷ್ಟರಲ್ಲಿ ದೊಡ್ಡಬಳ್ಳಾಪುರದಿಂದ ಗಾರೆಯವನನ್ನು ಕರೆತಂದಿದ್ದೆ. ಸಗಣಿ ಸಾರಿಸಿದ ಹಳೆಯ ನೆಲದ ಮೇಲೆಯೇ ಜಲ್ಲಿ ಬಡಿದು ಕೆಂಪು ಸಿಮೆಂಟು ಎಳೆದ. "ಎರಡು ಬೆರಳಾದ್ರೂ ದಪ್ಪ ಇರ್ಲಪ್ಪಾ, ಥಂಡಿ ಮೇಲಕ್ಕೆ ಬರ್ಬಾರದು," ಎಂದು ಅವನ ತಲೆಯ ಮೇಲೆ ನಿಂತು ಹೇಳಿ ಮಾಡಿಸಿದೆ.

"ಏನಪ್ಪಾ, ಮದುವೆಗಿದುವೆ ಇಟ್ಕೊಂಡಿದ್ದೀಯಾ?" ಎಂದು ಪಕ್ಕದ ಮನೆಯವರು ಕೇಳಿದರು.

ದೀಪಾವಳಿಯವರೆಗೆ ಅಳೆಯುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಉಳಿಸಿಕೊಂಡೆ, ಕಣ್ಣಳತೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಷ್ಟೆ. ಹಬ್ಬದ ದಿನ ಎಣ್ಣೆನೀರು ಆದಮೇಲೆ ಅವಳನ್ನು ಚೌಕಟ್ಟಿಗೆ ನಿಲ್ಲಿಸಿದೆ. ಹೊಸ ಗೆರೆ ಹಳೆಯದಕ್ಕಿಂತ ಎರಡು ಬೆರಳು ಮೇಲೆ ಬಿತ್ತು.

"ನೋಡ್ದೇನ್ಲಾ? ನಾ ಹೇಳ್ಲಿಲ್ವಾ?" ಎಂದಳು ಅಮ್ಮ. ಹೆಂಡತಿ ಒದ್ದೆ ಕೈಯಲ್ಲೇ ಬಂದಳು. ಗೆರೆಯನ್ನು ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು. ಸಂತೋಷ ತಡೆಯಲಾಗಲಿಲ್ಲವೇನೋ ಎಂದುಕೊಂಡೆ. ಮಗಳ ಕೈಗೆ ಎರಡು ಕಜ್ಜಾಯ ಇಟ್ಟೆ. ಅವಳು ತಿನ್ನದೆ ನಿಂತಿದ್ದಳು.

"ಅಪ್ಪಾ, ನಾನು ಬೆಳೆದಿಲ್ಲ. ನೆಲ ಬೆಳೆದೈತೆ."

"ಏನಂದೆ?"

"ಹೊಸ್ತಿಲು ನೋಡಪ್ಪಾ. ಮೊದ್ಲು ಕಾಲೆತ್ತಿ ದಾಟ್ಬೇಕಿತ್ತು. ಈಗ ಅದು ಗಿಡ್ಡ ಆಗೈತೆ." ಒಳಗಡೆಗೊಮ್ಮೆ ನೋಡಿ, "ಅಮ್ಮಂಗೂ ಗೊತ್ತು. ನಿಂಗೆ ಹೇಳ್ಬೇಡ ಅಂದಿದ್ಲು," ಎಂದಳು.

ನಾನೇ ನಿಂತು ಹಾಕಿಸಿದ ಎರಡು ಬೆರಳನ್ನು ನಾನೇ ಅಳೆದು ಕಜ್ಜಾಯ ಹಂಚಿದ್ದೆ. ಅವಳು ಬೆಳೆದದ್ದು ಒಂದು ನೂಲಿನಷ್ಟೂ ಇರಲಿಲ್ಲ.

ಹಬ್ಬ ಕಳೆದ ಸೋಮವಾರ ರಜೆ ಹಾಕಿ ಅವಳನ್ನು ಪೇಟೆಯ ಡಾಕ್ಟರ ಬಳಿ ಕರೆದೊಯ್ದೆ. ಅವರು ಅಳೆದರು, ತೂಗಿದರು, ಹಲ್ಲು ನೋಡಿದರು, ಅಂಗೈ ತಿರುಗಿಸಿ ನೋಡಿದರು.

"ಕೆಲವು ಮಕ್ಕಳು ತಡವಾಗಿ ಬೆಳೀತವೆ. ಕೆಲವು ಬೆಳೆಯಲ್ಲ. ಈಗ್ಲೇ ಏನೂ ಹೇಳೋಕಾಗಲ್ಲ. ಆರು ತಿಂಗಳು ಬಿಟ್ಟು ಕರ್ಕೊಂಡ್ಬನ್ನಿ."

"ಅಲ್ಲೀವರ್ಗೂ ನಾನೇನ್ ಮಾಡ್ಲಿ ಸಾರ್?"

"ಊಟ ಹಾಕಿ," ಎಂದರು. ಅದನ್ನು ನಾವು ಹಾಕುತ್ತಲೇ ಇದ್ದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ನನಗೊಂದು ಟಿಕೆಟ್ ಹರಿದುಕೊಟ್ಟು ಮುಂದಕ್ಕೆ ಹೊರಟ. ಮಗಳನ್ನು ತೋರಿಸಿದೆ. "ಪಾಪು ಅಲ್ವಾ ಸಾಮಿ, ಬೇಡ ಬಿಡಿ," ಎಂದ. ಒಳ್ಳೆಯ ಮನುಷ್ಯ.

"ನಂಗೆ ಒಂಬತ್ತು. ಅರ್ಧ ಟಿಕೆಟ್ ಕೊಡಿ," ಎಂದಳು ಅವಳು.

ನಿಜವೋ ಸುಳ್ಳೋ ಎಂದು ಕಂಡಕ್ಟರ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಹರಿದುಕೊಟ್ಟ ಚೀಟಿಯನ್ನು ಅವಳು ನನಗೆ ಕೊಡಲಿಲ್ಲ. ನಮ್ಮೂರು ಮಧುರೆ ಬರುವವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡು, ಸೀಟಿನ ಅಂಚಿಗೆ ಜರುಗಿ ಕಾಲು ಕೆಳಗೆ ತಾಕಿಸಲು ನೋಡುತ್ತಿದ್ದಳು.