ಹಳೇ ಕಾಪಿಯಲ್ಲಿದ್ದ ತಮ್ಮ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕೂ ಊರುಗಳಲ್ಲಿ ಒಬ್ಬರೇ ಮಾಲೀಕರ ಫ್ಲೆಕ್ಸ್ ಅಂಗಡಿಗಳು. ಅವುಗಳ ಕಂಪ್ಯೂಟರ್‌ಗಳಿಗೆಲ್ಲ ನಾನೊಬ್ಬನೇ ವೈದ್ಯ. ಬ್ಯಾನರನ್ನು ಎಲ್ಲಿ ಮಾಡಿದರೂ ಮೂಲ ಫೈಲು ಹಾನಗಲ್ಲಿನ ಸರ್ವರಿನಲ್ಲಿ, ಉಳಿದ ಅಂಗಡಿಗಳಲ್ಲಿ ಅದರ ನಕಲು. ಮುದ್ರಿಸುವ ಮುಂಚೆ ಆಯಾ ಅಂಗಡಿಯ ಕಂಪ್ಯೂಟರ್ ಮೂಲದಲ್ಲಿ ಏನಾದರೂ ಬದಲಾಗಿದೆಯೇ ಎಂದು ಹಾನಗಲ್ಲನ್ನು ಕೇಳಬೇಕು. ನೆಟ್ ಇಲ್ಲದಿದ್ದರೆ ಕಾಯಬೇಕು. ದೀಪಾವಳಿಯ ಹೋರಿ ಬೆದರಿಸುವ ಹಬ್ಬದ ಗದ್ದಲದಲ್ಲಿ ಕಾಯುವವರು ಯಾರಪ್ಪಾ! ಒಂದೊಂದು ಹೋರಿಗೂ ಒಂದೊಂದು ಬ್ಯಾನರು, ಸುತ್ತಲೂ ಅಭಿಮಾನಿಗಳ ಮುಖಗಳು. ಉತ್ತರ ಬರದಿದ್ದರೆ ತನ್ನಲ್ಲಿರುವ ನಕಲನ್ನೇ ಮುದ್ರಿಸುವಂತೆ ಮಾಡಿಟ್ಟೆ. ಎಂಥ ಶಾಣ್ಯಾ ನಾನು ಎಂದು ಬೀಗಿದ್ದೂ ಉಂಟು.

ಅಬಲೂರಿನ ರೈತರೊಬ್ಬರು ಹಿರೇಕೆರೂರಿನ ಅಂಗಡಿಯಲ್ಲಿ ಮನೆಯ ಹೋರಿಯ ಬ್ಯಾನರ್ ಮಾಡಿಸಿದ್ದರು. ನಡುವೆ ಹೋರಿ, ಒಂದು ಕಡೆ ಅವರು, ಇನ್ನೊಂದು ಕಡೆ ಅದನ್ನು ಕರುವಿನಿಂದ ಸಾಕಿದ ಅವರ ತಮ್ಮ. ಅಷ್ಟರಲ್ಲಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರಿಗೆ ಜಗಳವಾಗಿ ಮಾತೇ ನಿಂತಿತು. ಹಾನಗಲ್ಲಿಗೆ ಬಂದಿದ್ದ ಅಣ್ಣ ನಮ್ಮ ಅಂಗಡಿಗೆ ನುಗ್ಗಿ, "ಅವನ ಮಾರಿ ತಗೀರಿ. ನನ್ನ ಹೋರಿ ಮಗ್ಗಲಕ ಅಂವ ಬ್ಯಾಡ" ಎಂದರು. ಮೂಲ ಫೈಲಿನಿಂದ ನಾನೇ ಅಳಿಸಿದೆ.

ಬ್ಯಾನರು ಮುದ್ರಣವಾಗಬೇಕಾದದ್ದು ಹಿರೇಕೆರೂರಿನಲ್ಲಿ. ಅಂದೇ ಅಲ್ಲಿ ಯಾರೋ ರಸ್ತೆ ಅಗೆದು ನೆಟ್ಟಿನ ಕೇಬಲ್ ಕತ್ತರಿಸಿದ್ದರು. ಕಂಪ್ಯೂಟರ್ ಕೇಳಿತು, ಉತ್ತರ ಬರಲಿಲ್ಲ, ತಮ್ಮನಿದ್ದ ಹಳೇ ನಕಲನ್ನೇ ಹೊಡೆದು ಕೊಟ್ಟಿತು. ಅಭಿಮಾನಿಗಳು ಒಯ್ದು ಊರ ಅಗಸಿ ಬಾಗಿಲಿಗೆ ಕಟ್ಟಿಯೂ ಬಿಟ್ಟರು.

ಮರುದಿನ ಮುಂಜಾನೆ ಅಣ್ಣನ ಫೋನು. "ಏನ್ರೀ, ತಗೀರಿ ಅಂದ್ರ ಮದ್ಲಿನಂಗ ಹೊಡದೀರಿ? ಊರಾಗ ನನ್ನ ಮರ್ಯಾದಿ ಏನಾತು?"

ಕೆಲಸ ಹೋದೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಆ ಮನೆಯ ಬೆಂಕಿಗೆ ನಾನೇ ತುಪ್ಪ ಸುರಿದೆನಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದು. ಮಾಡಿದ್ದುಣ್ಣೋ ಮಹರಾಯ! ಹಾನಗಲ್ಲಿನಲ್ಲೇ ಹೊಸದನ್ನು ಹೊಡೆಸಿ, ಬೈಕಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತ ಅಬಲೂರಿಗೆ ಹೋದೆ.

ಅಣ್ಣ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಸುರುಳಿಯನ್ನು ಮುಂದೆ ಹಿಡಿದೆ. "ತಪ್ಪಾತ್ರಿ. ಮಷೀನು ಹಳೇ ಕಾಪಿ..."

ಅವರು ಗಡಬಡಿಸಿ ಎದ್ದು ನನ್ನ ಕೈ ಅದುಮಿದರು. ಕೊಟ್ಟಿಗೆಯಲ್ಲಿ ಅವರ ತಮ್ಮ ಹೋರಿಯ ಮೈ ತಿಕ್ಕುತ್ತ, ಅದಕ್ಕೆ ಪ್ರೀತಿಯಿಂದ ಬೈಯುತ್ತ ನಿಂತಿದ್ದ.

"ಬ್ಯಾನರ್ ನೋಡಿ, ಅಣ್ಣ ಕರದಾನ ಅಂತ ಬಂದಾನ್ರಿ," ಎಂದು ಪಿಸುಗುಟ್ಟಿದರು. ಅವರ ಕಣ್ಣು ತುಂಬಿತ್ತು. "ಮಷೀನಿನ ತಪ್ಪು ಅಂತ ಅವಂಗ ಹೇಳಬ್ಯಾಡ್ರಿ."