ಕಾಫಿ ಕುಡಿಯುವ ಏಕೈಕ ನೌಕರ

ನಮ್ಮ ಕಚೇರಿಯಲ್ಲಿ ಕಾಫಿ ಕುಡಿಯುವ ಏಕೈಕ ನೌಕರನೆಂಬ ಖ್ಯಾತಿ ಆರು ವರ್ಷಗಳಿಂದ ನನ್ನದಾಗಿದೆ. ಬೇರೆ ಯಾವ ಖ್ಯಾತಿಯೂ ಇಲ್ಲದವನು ಇಂಥದ್ದನ್ನೂ ಜೋಪಾನವಾಗಿ ಕಾಪಾಡಿಕೊಳ್ಳುತ್ತಾನೆ. ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಒಂದು ಕಾರ್ಖಾನೆಯ ಮಹಡಿಯ ಮೇಲೆ ನಾವು ಕೂರುತ್ತೇವೆ. ಕೆಳಗೆ ಕಬ್ಬಿಣ ಕುದಿಯುತ್ತದೆ, ಮೇಲೆ ಚಹಾ ಕುದಿಯುತ್ತದೆ. ಇವೆರಡರ ನಡುವೆ ಹದಿನಾಲ್ಕು ಜನ ಸಿಬ್ಬಂದಿ ತಾವೂ ಏನನ್ನೋ ಮಾಡುತ್ತಿರುವಂತೆ ಕಾಗದಗಳನ್ನು ಅತ್ತಿಂದಿತ್ತ ಸರಿಸುತ್ತಿರುತ್ತೇವೆ. ಹದಿಮೂರು ಜನ ಚಹಾದವರು, ಒಬ್ಬ ಕಾಫಿಯವನು. ಆ ಒಬ್ಬನಿಗೆ ತಾನು ಕುಡಿಯುವ ಕಾಫಿ ಒಂದು ದಿನವೂ ಹಿಡಿಸಿಲ್ಲ ಎಂಬ ಸಂಗತಿ ಈವರೆಗೆ ಎಲ್ಲಿಯೂ ಲಿಖಿತವಾಗಿ ದಾಖಲಾಗಿರಲಿಲ್ಲ. ಇಲ್ಲಿ ದಾಖಲಿಸುತ್ತಿದ್ದೇನೆ.

ಈ ದುಃಸ್ಥಿತಿಗೆ ಕಾರಣ ನನ್ನ ಪದವಿ. ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ನಮ್ಮ ಊರು. ಅಜ್ಜ ಮುತ್ತಜ್ಜರ ಕಾಲದಿಂದ ಎಮ್ಮೆ ಸಾಕಿಕೊಂಡು ಬಂದ ಮನೆತನ. ಆ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಜೀವ ನಾನು. ಎಮ್ಮೆಗಳನ್ನು ಸೇರಿಸಿ ಎಣಿಸಿದರೂ ಈ ಮಾತಿನಲ್ಲಿ ವ್ಯತ್ಯಾಸವಾಗುವುದಿಲ್ಲ. ಮನೆತನದ ಮೊದಲ ಪದವೀಧರನಿಗೆ ಒಂದು ವಿಚಿತ್ರ ತೊಂದರೆ ಇದೆ. ಅವನು ತಪ್ಪಿದರೆ ಮನೆಯಲ್ಲಿ ತಿದ್ದುವವರಿಲ್ಲ, ಹೊರಗೆ ನಗುವವರಿಗೆ ಬರವಿಲ್ಲ. ಆದ್ದರಿಂದ ಅವನು ಬಾಯಿ ತೆರೆಯುವ ಮುನ್ನ ಪ್ರತಿಯೊಂದು ವಾಕ್ಯವನ್ನೂ ಎರಡು ಸಲ ಒಳಗೇ ತಿದ್ದಿಕೊಳ್ಳುತ್ತಾನೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಾನು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಸಾಲಾಗಿ ನಿಲ್ಲಿಸುತ್ತೇನೆ. ಅಷ್ಟರಲ್ಲಿ ಒಳ್ಳೆಯ ಬದನೆಕಾಯಿಗಳನ್ನೆಲ್ಲ ಬೇರೆಯವರು ಆರಿಸಿಕೊಂಡು ಹೋಗಿರುತ್ತಾರೆ.

ಇಂಥ ನಾನು ಆರು ವರ್ಷಗಳ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನನ್ನನ್ನೇ ಮಡಿಸಿಟ್ಟುಕೊಂಡು, ಸಂದರ್ಶನಕ್ಕೆಂದು ಮ್ಯಾನೇಜರರ ಕೋಣೆಗೆ ಕಾಲಿಟ್ಟೆ. ಮ್ಯಾನೇಜರ್ ಚೌಗುಲೆ ಸಾಹೇಬರು ಸದಾಶಿವನಗರದವರು, ದೊಡ್ಡ ದೇಹದ, ಸಣ್ಣ ತಾಳ್ಮೆಯ ಮನುಷ್ಯರು. ಅವರು ನನ್ನ ಅಂಕಪಟ್ಟಿಯಿಂದ ಕಣ್ಣೆತ್ತದೆಯೇ ಕೇಳಿದರು: "ಬರ್ರಿ, ಕುಂದರ್ರಿ. ಏನ್ ತಗೋತೀರಿ, ಚಾನೋ, ಕಾಫಿನೋ?"

ಪ್ರಶ್ನೆಯಲ್ಲಿ ಎರಡು ಆಯ್ಕೆಗಳಿದ್ದವು. ಹದಿನೈದು ವರ್ಷ ಪರೀಕ್ಷೆ ಬರೆದವನಿಗೆ ಎರಡರಲ್ಲಿ ಒಂದು ಸರಿ, ಒಂದು ತಪ್ಪು ಎಂಬುದು ರಕ್ತಗತವಾಗಿರುತ್ತದೆ. ಚಹಾ ನಮ್ಮ ಮನೆಯಲ್ಲಿ ಕುಡಿಯುವಂಥದ್ದು; ನಮ್ಮ ಮನೆಯಲ್ಲಿರುವ ಯಾವುದೂ ಸರಿಯುತ್ತರವಾಗಿರಲು ಸಾಧ್ಯವಿಲ್ಲವೆಂದು ನಾನು ಆಗ ನಂಬಿದ್ದೆ. "ಕಾಫಿ" ಎಂದೆ. ಸಾಲದ್ದಕ್ಕೆ "ದಯವಿಟ್ಟು" ಎಂದೂ ಸೇರಿಸಿದೆ.

ಸಾಹೇಬರು ಆಗ ಅಂಕಪಟ್ಟಿಯಿಂದ ಕಣ್ಣೆತ್ತಿದರು. ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಹೆಣ್ಣುಮಗಳು "ಕಾಫಿ ಅಂದ್ರಾ, ಸರ್?" ಎಂದು ಕೇಳಿದರು. ಅವರೇ ಹಸೀನಾ ಖಾಲಾ. ಹದಿನೇಳು ವರ್ಷಗಳಿಂದ ನಮ್ಮ ಕಚೇರಿಗೆ ಚಹಾ ಮಾಡಿ ಕೊಡುವವರು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ನಾನು ಹೌದೆಂದೆ. ಹತ್ತು ನಿಮಿಷದ ಮೇಲೆ ಕಂದು ಬಣ್ಣದ, ಬಿಸಿಯಾದ ಒಂದು ಪೇಯ ಬಂತು. ಒಂದು ಗುಟುಕು ಕುಡಿದೆ. ತುಸು ಸಿಹಿ, ತುಸು ಖಾರ, ಗಂಟಲಿನ ಕೊನೆಯಲ್ಲಿ ಒಗ್ಗರಣೆಯ ನೆನಪು. ವಿದ್ಯಾವಂತರು ಇದನ್ನು ಹೇಗೆ ಸಹಿಸುತ್ತಾರೆಂದು ಆಶ್ಚರ್ಯವಾಯಿತು. ಅಷ್ಟರಲ್ಲಿ ಸಾಹೇಬರು "ಹೆಂಗೈತಿ?" ಎಂದರು. "ಉತ್ತಮವಾಗಿದೆ" ಎಂದೆ. ಕೆಲಸವೂ ಸಿಕ್ಕಿತು, ಜೀವಾವಧಿ ಕಾಫಿಯೂ ಸಿಕ್ಕಿತು.

ನಮ್ಮ ಕಡೆ ಆ ಪ್ರಶ್ನೆಗೆ ಆಯ್ಕೆ ಎರಡಿದ್ದರೂ ಉತ್ತರ ಒಂದೇ ಎಂಬುದು ನನಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಕಾಫಿ ಎಂಬ ಪದವನ್ನು ಇಲ್ಲಿ ಮರ್ಯಾದೆಗೆ ಸೇರಿಸುತ್ತಾರೆ, ಪತ್ರದ ಮೇಲೆ ಶ್ರೀ ಬರೆದಂತೆ. ಬಂದವರು ಎರಡು ಸಲ "ಏನೂ ಬ್ಯಾಡ್ರಿ" ಅನ್ನಬೇಕು, ಮೂರನೆಯ ಸಲಕ್ಕೆ "ಅರ್ಧಾ ಕಪ್ ಚಾ ಸಾಕ್ರಿ" ಅನ್ನಬೇಕು, ಆಮೇಲೆ ತುಂಬಿದ ಕಪ್ಪು ಕುಡಿಯಬೇಕು. ಇದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಪದವಿಯಿಲ್ಲದ ನನ್ನ ಅಪ್ಪನಿಗೆ ಗೊತ್ತಿತ್ತು.

ಅಂದಹಾಗೆ, ಕಚೇರಿಯಲ್ಲಿ ದಿನಕ್ಕೆರಡು ಸಲ ಪುಕ್ಕಟೆ ಚಹಾ ಕೊಡುತ್ತಾರೆಂಬ ಸುದ್ದಿ ಅಪ್ಪನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಶಯ ತಂದಿತ್ತು. ಎಮ್ಮೆಯ ಮೈ ತಿಕ್ಕುತ್ತಲೇ ಅವನು ಕೇಳಿದ್ದ: "ಪಗಾರಾನೂ ಕೊಟ್ಟು ಮ್ಯಾಲೆ ಚಾನೂ ಕೊಡ್ತಾರಂದ್ರ, ನಿನ್ನ ಕಡಿಂದ ಅಂಥಾದ್ ಏನ್ ಮಾಡಸ್ತಾರಲೇ?" ಈ ಪ್ರಶ್ನೆಗೆ ಆರು ವರ್ಷಗಳಿಂದ ಉತ್ತರ ಹುಡುಕುತ್ತಿದ್ದೇನೆ. ನನ್ನ ನೇಮಕಾತಿ ಪತ್ರದ ನಾಲ್ಕು ಪುಟಗಳಲ್ಲಿ ಚಹಾದ ಪ್ರಸ್ತಾಪವೇ ಇಲ್ಲ. ಆದರೂ ಸಂಬಳ ಎರಡು ದಿನ ತಡವಾದರೆ ಮೌನವಾಗಿರುವ ನಮ್ಮ ಸಿಬ್ಬಂದಿ, ಹನ್ನೊಂದರ ಚಹಾ ಹತ್ತು ನಿಮಿಷ ತಡವಾದರೆ ಕುರ್ಚಿ ಕರಕರ ಅನ್ನಿಸತೊಡಗುತ್ತಾರೆ. ಊರಿನಲ್ಲಿ ಭತ್ತ ಕೊಯ್ಯಲು ಬಂದವರಿಗೆ ಮೊದಲು ಚಹಾ ಕೊಟ್ಟು ಆಮೇಲೆ ಕುಡುಗೋಲು ಎತ್ತಿ ಅನ್ನುವುದು ರೂಢಿ. ಆ ಚಹಾ ತೆಳ್ಳಗಾದರೆ ಕೊಯ್ಲೂ ತೆಳ್ಳಗಾಗುತ್ತದೆಂದು ಅವ್ವ ಹಾಲು ಸುರಿಯುತ್ತಾಳೆ. ಕಾರ್ಖಾನೆ ಎಷ್ಟೇ ದೊಡ್ಡದಿರಲಿ, ಕಾನೂನು ಎಷ್ಟೇ ಇಂಗ್ಲಿಷಿನಲ್ಲಿರಲಿ, ನಮ್ಮೊಳಗಿನ ಆಳು ಇನ್ನೂ ಬದುವಿನ ಮೇಲೆ ಕುಳಿತು ಚಹಾದ ದಾರಿ ಕಾಯುತ್ತಿದ್ದಾನೆಂದು ನನ್ನ ಸಂಶೋಧನೆ. ಇದನ್ನು ಯಾವ ಪತ್ರಿಕೆಯೂ ಪ್ರಕಟಿಸಿಲ್ಲ. ನಾನು ಕಳಿಸಿಯೂ ಇಲ್ಲ.

ಸಂಶೋಧನೆ ಇಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮಲ್ಲಿ ಚಹಾ ಕುಡಿಯುವುದೆಂದರೆ ಬರಿಯ ಕುಡಿಯುವುದಲ್ಲ, ಹಂಚಿಕೊಳ್ಳುವುದು. ಸ್ಟೋರ್ ಕೀಪರ್ ಮಾರುತಿಯಣ್ಣ ತನ್ನ ಕಪ್ಪಿನಿಂದ ಅರ್ಧವನ್ನು ಬಶಿಗೆ, ಅಂದರೆ ಸಾಸರಿಗೆ, ಸುರಿದು ಬಾಜುವಿನವನ ಮುಂದೆ ಸರಿಸುತ್ತಾನೆ. ಇನ್ನೊಂದು ತಾಸಿಗೆ ಆ ಬಾಜುವಿನವನು ತನ್ನದರಲ್ಲಿ ಅರ್ಧ ಸರಿಸುತ್ತಾನೆ. ಇದಕ್ಕೆ "ಒಂದರಾಗ ಎರಡು" ಎನ್ನುತ್ತಾರೆ. ಹೊಟ್ಟೆಗೆ ಬೀಳುವ ಒಟ್ಟು ಚಹಾ ಅಷ್ಟೇ; ಆದರೂ ಯಾರ ಬಶಿ ಯಾರ ಕಡೆಗೆ ಸರಿಯಿತು ಎನ್ನುವುದರ ಮೇಲೆ ಕಚೇರಿಯ ಸಮಸ್ತ ಸ್ನೇಹ, ಮುನಿಸು, ರಾಜಿ, ಪಿತೂರಿಗಳು ನಿಂತಿವೆ. ಕಾಫಿಯವನಿಗೆ ಈ ರಾಜ್ಯದಲ್ಲಿ ಪೌರತ್ವವಿಲ್ಲ. ನನ್ನೊಡನೆ ಅರ್ಧ ಮಾಡಿಕೊಳ್ಳುವವರು ಯಾರೂ ಇರಲಿಲ್ಲ. ಆರು ವರ್ಷ ನಾನು ನನ್ನ ಇಡೀ ಲೋಟವನ್ನು ಒಬ್ಬನೇ, ತುದಿಯವರೆಗೆ, ನಾಗರಿಕನಂತೆ ಕುಡಿದೆ. ಒಂದು ಸಮಾಧಾನವಿತ್ತು: ಮಧ್ಯಾಹ್ನದ ಹೊತ್ತಿಗೆ ಸಹೋದ್ಯೋಗಿಗಳೆಲ್ಲ ಎದೆಯುರಿಯೆಂದು ಗುಳಿಗೆ ಚೀಪುತ್ತಿದ್ದರೆ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು. ಇದು ಕಾಫಿಯ ಶ್ರೇಷ್ಠತೆ ಎಂದು ಅವರಿಗೆ ಉಪದೇಶವನ್ನೂ ಮಾಡಿದ್ದೇನೆ.

ಹೀಗಿರುವಾಗ ಕಳೆದ ತಿಂಗಳು ಪುಣೆಯ ಮುಖ್ಯ ಕಚೇರಿಯವರು ಒಂದು ಮಷೀನು ಕಳಿಸಿದರು. ಗುಂಡಿ ಒತ್ತಿದರೆ ಚಹಾ, ಇನ್ನೊಂದು ಗುಂಡಿಗೆ ಕಾಫಿ. ಜೊತೆಗೊಂದು ನಮೂನೆ ಬಂತು. ಅದರಲ್ಲಿ ಚಹಾಕ್ಕೊಂದು, ಕಾಫಿಗೊಂದು ಕಲಮು. ಆಯಾ ಪೇಯವನ್ನು ದಿನಾಲೂ ಕುಡಿಯುವ ಒಬ್ಬೊಬ್ಬ ನೌಕರ ರುಚಿ ನೋಡಿ ತೃಪ್ತಿಕರ ಅಥವಾ ಅತೃಪ್ತಿಕರ ಎಂದು ಬರೆದು ಸಹಿ ಹಾಕಬೇಕು. ಎರಡೂ ತೃಪ್ತಿಕರವಾದರೆ ಮಷೀನು ಉಳಿಯುತ್ತದೆ. ಮಷೀನು ಉಳಿದರೆ ಖಾಲಾ ಉಳಿಯುವುದಿಲ್ಲ. ಇದನ್ನು ಚೌಗುಲೆ ಸಾಹೇಬರು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. ಹೇಳಲು ಅವರಿಗೂ ಮನಸ್ಸಿರಲಿಲ್ಲ. ಕಾಫಿಯ ಕಲಮಿಗೆ ಯಾರೆಂಬ ಪ್ರಶ್ನೆ ಹುಟ್ಟಲೇ ಇಲ್ಲ. ಹದಿಮೂರು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು.

ಖಾಲಾನ ಮಗಳು ಶಬಾನಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಅವಳ ಅರ್ಜಿಗಳನ್ನೆಲ್ಲ ನಾನೇ ತುಂಬಿಕೊಡುತ್ತಿದ್ದೆ. ತಾಯಿಯ ಉದ್ಯೋಗ ಎಂಬಲ್ಲಿ "ಖಾಸಗಿ ಸಂಸ್ಥೆಯಲ್ಲಿ ಸೇವೆ" ಎಂದು ಬರೆದದ್ದೂ ನಾನೇ. ಈಗ ಆ ಸೇವೆ ನನ್ನ ಒಂದು ಪದದ ಮೇಲೆ ನಿಂತಿತ್ತು. "ಅ" ಎಂಬ ಒಂದು ಅಕ್ಷರ ಸೇರಿಸಿದರೆ ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ. ಆದರೆ ಮನೆತನದ ಮೊದಲ ಪದವೀಧರನಿಗೆ ಸಹಿ ಹಾಕಿ ಸುಳ್ಳು ಬರೆಯುವಷ್ಟು ಧೈರ್ಯವಿರುವುದಿಲ್ಲ; ಅದಕ್ಕೆ ಕನಿಷ್ಠ ಮೂರು ತಲೆಮಾರಿನ ವಿದ್ಯಾಭ್ಯಾಸ ಬೇಕು. ಆ ಸಂಜೆ ಖಾನಾಪುರದ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತು, ಸುಳ್ಳಾಗದ ಹಾಗೆ, ಆದರೆ ನಿಜವೂ ಆಗದ ಹಾಗೆ ಒಂದು ವಾಕ್ಯ ಕಟ್ಟಲು ಯತ್ನಿಸಿದೆ. ಊರು ಬಂತು, ವಾಕ್ಯ ಬರಲಿಲ್ಲ.

ಮರುದಿನ ಖಾಲಾ ತಾವಾಗಿಯೇ ನನ್ನ ಮೇಜಿನ ಬಳಿ ಬಂದರು. ಬೇಡಿಕೊಳ್ಳುತ್ತಾರೆಂದು ಹೆದರಿ ನಾನು ಕಡತದಲ್ಲಿ ತಲೆ ಹುದುಗಿಸಿದೆ. ಅವರು ಬೇಡಲಿಲ್ಲ.

"ಸರ್, ನೀವು ಓದಿದವ್ರು. ಕುಡದ್ ನೋಡ್ರಿ, ಖರೇ ಏನೈತಿ ಅದನ್ನಽ ಬರೀರಿ. ನನ್ನ ಮಾರಿ ನೋಡಿ ಬರೀಬ್ಯಾಡ್ರಿ."

ಇದಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು.

ಪರೀಕ್ಷೆ ಹನ್ನೊಂದಕ್ಕೆ ಆರಂಭವಾಯಿತು. ಮಷೀನಿನ ಜೊತೆ ಬಂದಿದ್ದ ಕಂಠಲಂಗೋಟಿಯ ಯುವಕ ಮರಾಠಿಯಲ್ಲಿ ಆರಂಭಿಸಿ ಹಿಂದಿಯಲ್ಲಿ ಮುಗಿಸುವ ಒಂದು ಭಾಷಣ ಮಾಡಿದ. ಮಾರುತಿಯಣ್ಣ ಚಹಾದ ರುಚಿ ನೋಡಲು ನಾಲ್ಕು ಕಪ್ಪು ಕುಡಿದು, ಹದಿನೇಳು ವರ್ಷ ಖಾಲಾನ ಚಹಾ ಕುಡಿದ ಅದೇ ಬಾಯಿ ಒರೆಸಿಕೊಂಡು, "ತೃಪ್ತಿಕರ" ಎಂದು ಬರೆದ. ಆಮೇಲೆ ತಲೆಯೆತ್ತಲಿಲ್ಲ. ನನ್ನ ಸರದಿ ಬಂತು. ಯುವಕ ನನ್ನ ಕಣ್ಣೆದುರಿಗೇ ಬೀಜ ಪುಡಿ ಮಾಡಿಸಿ, ನೊರೆ ತುಂಬಿದ ಕಪ್ಪು ಕೈಗಿಟ್ಟ. ಹಾಗೆ ನೋಡಿದರೆ ಆ ವಾಸನೆ ನನಗೆ ಹೊಸದಲ್ಲ. ಪೇಟೆಯ ಕೆಲವು ಹೋಟೆಲುಗಳ ಮುಂದೆ ಹಾಯುವಾಗ ಬಂದದ್ದುಂಟು. ಅದು ಯಾವುದೋ ದುಬಾರಿ ಊದಿನಕಡ್ಡಿಯದೆಂದು ತಿಳಿದಿದ್ದೆ.

ಕುಡಿದೆ. ಕಹಿ. ಖಾರವಿಲ್ಲ, ಗಂಟಲಿಗೆ ಹಿತವಿಲ್ಲ, ಒಗ್ಗರಣೆಯ ನೆನಪಿಲ್ಲ. ಮತ್ತೊಮ್ಮೆ ಕುಡಿದೆ. ನನ್ನ ಎದೆಯಿಂದ ಒಂದು ಎರಕದ ಗಟ್ಟಿ ಇಳಿದಂತಾಯಿತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ! ಲೇಖನಿ ತೆಗೆದು, ಜೀವನದಲ್ಲಿ ಮೊದಲ ಬಾರಿಗೆ ಒಳಗೆ ತಿದ್ದಿಕೊಳ್ಳದೆ ಬರೆದೆ: "ಅತೃಪ್ತಿಕರ. ಇದು ಕಾಫಿಯಲ್ಲ."

ಯುವಕ ಬೀಜದ ಪೊಟ್ಟಣ ತೋರಿಸಿದ, ಚಿಕ್ಕಮಗಳೂರಿನ ಹೆಸರು ಹೇಳಿದ, ಕೊನೆಗೆ ಬೆವರಿದ. ಚೌಗುಲೆ ಸಾಹೇಬರು ಆ ಕಾಗದವನ್ನು ಎರಡು ಸಲ ಓದಿ, ಆರು ವರ್ಷದಲ್ಲಿ ಮೊದಲ ಸಲ ನನ್ನತ್ತ ಪ್ರೀತಿಯಿಂದ ನೋಡಿದರು.

"ದಿನಾ ಎರಡ ಸಲ, ಆರ ವರ್ಷ ಕಾಫಿ ಕುಡದ ಮನಷ್ಯಾ ಹೇಳಾಕತ್ತಾನ್ರಿ. ಅವಂಗ ನೀವ್ ಹೇಳ್ಕೊಡ್ತೀರೇನು? ಮಷೀನ್ ಎತ್ಕೊಂಡ್ ಹೋಗ್ರಿ."

ಮಷೀನು ಹೋಯಿತು. ಕೃತಜ್ಞತೆಯನ್ನು ಸ್ವೀಕರಿಸಲು ತಕ್ಕ ಮುಖಭಾವ ಧರಿಸಿ ನಾನು ಅಡುಗೆಕೋಣೆಗೆ ಹೋದೆ. ಖಾಲಾ ಸ್ಟೂಲಿನ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದರು. ಅಳುತ್ತಿದ್ದಾರೆಂದುಕೊಂಡೆ. ಸೆರಗು ಸರಿಸಿದಾಗ ತಿಳಿಯಿತು, ನಗುತ್ತಿದ್ದರು.

"ತಮ್ಮಾ, ಅದಽ ಕಾಫಿ" ಎಂದರು. ಆರು ವರ್ಷದ "ಸರ್" ಅಲ್ಲಿಗೆ ಮುಗಿಯಿತು. "ನಾ ಕೊಡೂದು ಕಷಾಯ. ಕೊತ್ತಂಬರಿ, ಜೀರಿಗಿ, ಒಣಾಶುಂಠಿ, ಬೆಲ್ಲ."

ಉಳಿದದ್ದನ್ನು ಅವರು ನಿಂತು ನಿಂತು, ನಗುತ್ತ ಹೇಳಿದರು. ಕಚೇರಿಗೆ ಕಾಫಿಪುಡಿ ಎಂದೂ ಬಂದಿರಲೇ ಇಲ್ಲ, ಕೇಳಿದವರಿದ್ದರೆ ತಾನೆ? ಸಂದರ್ಶನದ ದಿನ ನಾನು ಕುರ್ಚಿಯ ತುದಿಯಲ್ಲಿ ಕುಳಿತದ್ದನ್ನು ಅವರು ನೋಡಿದ್ದರು. ಸಾಹೇಬರ ಎದುರಿಗೆ ಕಾಫಿ ಇಲ್ಲ ಅಂದರೆ ಹುಡುಗನ ಮುಖ ಸಣ್ಣದಾಗುತ್ತದೆಂದು, ತಮಗಾಗಿ ಮನೆಯಿಂದ ತಂದಿದ್ದ ಕಷಾಯದ ಪುಡಿಯನ್ನೇ ಹಾಲಿಗೆ ಹಾಕಿ ಕುದಿಸಿ ಕೊಟ್ಟರು. ಖಾಲಾಗೆ ಚಹಾ ಆಗುವುದಿಲ್ಲ. ಕುಡಿದರೆ ಎದೆಯುರಿ. ಇಡೀ ಕಚೇರಿಗೆ ಚಹಾ ಕುದಿಸಿ, ಕೊನೆಗೆ ಮೂಲೆಯಲ್ಲಿ ಒಬ್ಬರೇ ಕೂತು ಕಷಾಯ ಕುಡಿಯುವುದು ಅವರ ರೂಢಿ. ನಾನು ಅದನ್ನು "ಉತ್ತಮ" ಅಂದ ಮೇಲೆ ಮಾತು ಹಿಂತೆಗೆದುಕೊಳ್ಳುವುದು ಹೇಗೆ? ನಾನು ಹೇಗೆ ಹಿಂತೆಗೆದುಕೊಳ್ಳಲಿಲ್ಲವೋ ಅವರೂ ಹಾಗೆಯೇ. ಅಂದಿನಿಂದ ಮನೆಯಲ್ಲಿ ಇಬ್ಬರಿಗಾಗುವಷ್ಟು ಪುಡಿ ಕುಟ್ಟುತ್ತ ಬಂದಿದ್ದರು.

"ಖರೇ ಕಾಫಿ ಕುಡದ ಮ್ಯಾಲೆ ಇವಂಗ ಎಲ್ಲಾ ತಿಳೀತೈತಿ, ನನ್ನ ಕೆಲಸಾ ಹೋತು ಅಂದ್ಕೊಂಡಿದ್ದೆ" ಎಂದು ಕಣ್ಣೊರೆಸಿಕೊಂಡರು. ಈ ಸಲ ಒರೆಸಿಕೊಂಡದ್ದು ನಗೆಯ ನೀರೇ ಎಂದು ಖಚಿತವಾಗಿ ಹೇಳಲಾರೆ.

ನನಗೆ ನಗು ಬರಲಿಲ್ಲ. ಸಹಿ ಹಾಕಿ ಬರೆದ ನನ್ನ ಅತ್ಯಂತ ಪ್ರಾಮಾಣಿಕ ವಾಕ್ಯ ನೂರಕ್ಕೆ ನೂರು ಸುಳ್ಳಾಗಿತ್ತು. ಎರಡು ದಿನ ಒದ್ದಾಡಿ, ಮೂರನೆಯ ದಿನ ಒಂದು ಹಾಳೆ ತೆಗೆದುಕೊಂಡು ಅಡುಗೆಕೋಣೆಯಲ್ಲಿಯೇ ಕುಳಿತು ತಿದ್ದುಪಡಿ ಪತ್ರ ಬರೆದೆ: "ಮಾನ್ಯರೇ, ಕಾಫಿಯ ಕುರಿತು ನಾನು ನೀಡಿದ ಅಭಿಪ್ರಾಯವು ಕಾಫಿಯ ಪರಿಚಯವಿಲ್ಲದ ಕಾರಣದಿಂದ..." ವಾಕ್ಯ ಚೆನ್ನಾಗಿ ಬರುತ್ತಿತ್ತು. ಖಾಲಾ ಹಿಂದೆ ನಿಂತು ಅದನ್ನು ಓದಿದರು.  ಒಲೆಯ ಮೇಲಿನ ಪಾತ್ರೆ ಇಳಿಸಿ, ಒಂದು ಕಪ್ಪಿಗೆ ಕಷಾಯ ಸೋಸಿ, ತೊಟ್ಟಿಕ್ಕುತ್ತಿದ್ದ ಆ ಕಪ್ಪನ್ನು ತಂದು ನೇರವಾಗಿ ನನ್ನ ಸಹಿ ಬೀಳಬೇಕಾಗಿದ್ದ ಜಾಗದಲ್ಲಿ ಇಟ್ಟರು. ಕಪ್ಪಿನ ಅಡಿಯ ಕಂದು ವೃತ್ತ ಹಾಳೆಯ ಮೇಲೆ ದುಂಡಗೆ ಮೂಡಿತು. ಕಚೇರಿಯ ಕಾಗದಕ್ಕೆ ಒಮ್ಮೆ ಮುದ್ರೆ ಬಿದ್ದ ಮೇಲೆ ಅದನ್ನು ತಿದ್ದುವ ಅಧಿಕಾರ ನನ್ನ ದರ್ಜೆಯವರಿಗಿಲ್ಲ.

ನಾನು ಕಪ್ಪೆತ್ತಲು ಕೈ ಚಾಚಿದೆ. "ತಡೀ" ಎಂದರು ಖಾಲಾ. ಕಪಾಟಿನಿಂದ ಒಂದು ಬಶಿ ತೆಗೆದು ಒರೆಸಿ, ಕಪ್ಪಿನಿಂದ ಅರ್ಧ ಅದಕ್ಕೆ ಸುರಿದು, ತಮ್ಮ ಕಡೆಗೆ ಸರಿಸಿಕೊಂಡರು.

ರುಚಿ ಈಗಲೂ ಹಿಡಿಸಿಲ್ಲ. ಅರ್ಧವೇ ಆದ್ದರಿಂದ ಬೇಗ ಮುಗಿಯುತ್ತದೆ.